ಓಡಿದರೆ ಸಾಲದು, ಲೆಕ್ಕವೂ ತಪ್ಪಬಾರದು

1998ರ ಆಗಸ್ಟ್‌ನಲ್ಲಿ ಇಂಟೆಲ್ ಕಂಪೆನಿ ‘ಸೆಲೆರಾನ್ 300ಎ’ ಎಂಬ ಅಗ್ಗದ ಪ್ರೊಸೆಸರನ್ನು ಮಾರುಕಟ್ಟೆಗೆ ತಂದಿತು. ಅದರ ವೇಗ 300 ಮೆಗಾಹರ್ಟ್ಸ್. ಅಂದರೆ ಸೆಕೆಂಡಿಗೆ ಮೂವತ್ತು ಕೋಟಿ ಮಿಡಿತ. ಕಂಪ್ಯೂಟರ್ ಉತ್ಸಾಹಿಗಳು ಸುಮ್ಮನಿರಬೇಕಲ್ಲ! ಅದನ್ನೇ 450 ಮೆಗಾಹರ್ಟ್ಸ್ ವೇಗದಲ್ಲಿ ಓಡಿಸಿಬಿಟ್ಟರು. ಅಷ್ಟೇ ವೇಗದ ಪೆಂಟಿಯಂ-2 ಕೊಳ್ಳಲು ಆಗ ಹಲವು ಪಟ್ಟು ಹಣ ತೆರಬೇಕಿತ್ತು. ತಯಾರಕರು ಗೊತ್ತುಮಾಡಿದ ವೇಗವನ್ನು ಮೀರಿ ಪ್ರೊಸೆಸರನ್ನು ದುಡಿಸುವ ಈ ವಿದ್ಯೆಯೇ ‘ಓವರ್‌ಕ್ಲಾಕಿಂಗ್’.

ಇದು ಹೇಗೆ ಸಾಧ್ಯವಾಯಿತು? ಪ್ರೊಸೆಸರಿನ ವೇಗವೆಂಬುದು ಎರಡು ಸಂಖ್ಯೆಗಳ ಗುಣಲಬ್ಧ. ಮದರ್‌ಬೋರ್ಡಿನ ಬಸ್ ವೇಗ ಸುಮಾರು 66.6 ಮೆಗಾಹರ್ಟ್ಸ್, ಪ್ರೊಸೆಸರಿನ ಗುಣಕ 4.5. ಗುಣಿಸಿದರೆ 300. ಗುಣಕವನ್ನು ಯಾರೂ ಬದಲಿಸದಂತೆ ಇಂಟೆಲ್ ಬಿಗಿ ಮಾಡಿತ್ತು. ಬಸ್ ವೇಗವನ್ನು 100ಕ್ಕೆ ಏರಿಸಲು ಮಾತ್ರ ದಾರಿಯಿತ್ತು. ಏರಿಸಿದರೆ, 450!

ಸೋಜಿಗವೆಂದರೆ, 100ಕ್ಕೆ ಹೋಲಿಸಿದರೆ 83 ಮೆಗಾಹರ್ಟ್ಸ್ ಬಸ್ ವೇಗವೇ ಹೆಚ್ಚು ಅಪಾಯಕಾರಿ. ಹಾರ್ಡ್‌ಡಿಸ್ಕ್ ನಿಯಂತ್ರಕಕ್ಕೆ ತಲುಪಬೇಕಾದ ಮಿಡಿತ 33 ಮೆಗಾಹರ್ಟ್ಸ್. ಬಸ್ ವೇಗ 100 ಇದ್ದಾಗ ಅದರ ಮೂರನೇ ಒಂದು ಭಾಗ ಹೋಗುತ್ತಿತ್ತು, ಲೆಕ್ಕ ಸರಿ. 83 ಇದ್ದಾಗ ಅರ್ಧ, ಅಂದರೆ ಸುಮಾರು 41 ಹೋಗುತ್ತಿತ್ತು. ಪ್ರೊಸೆಸರ್ ನೆಟ್ಟಗಿದ್ದರೂ ಡಿಸ್ಕಿನಲ್ಲಿದ್ದ ಮಾಹಿತಿ ಕೆಡುವ ಭಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯಂತೆ!

ವೇಗ ಹೆಚ್ಚಿದಷ್ಟೂ ಶಾಖ ಹೆಚ್ಚು. ವೋಲ್ಟೇಜ್ ಏರಿಸಿದರಂತೂ ಶಾಖ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ವೇಗವನ್ನು ಶೇ 50, ವೋಲ್ಟೇಜನ್ನು ಶೇ 10 ಹೆಚ್ಚಿಸಿದರೆ 1.5 x 1.1 x 1.1, ಅಂದರೆ ಸುಮಾರು 1.8 ಪಟ್ಟು. ಇಂದಿನ ಪ್ರೊಸೆಸರುಗಳು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಆದರೆ ಅತಿ ವೋಲ್ಟೇಜಿನ ಪೆಟ್ಟು ಸದ್ದಿಲ್ಲದ್ದು. ಚಿಪ್ ನಿಧಾನವಾಗಿ ಸವೆಯುತ್ತದೆ. ತನ್ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ಹೆಚ್ಚಿನ ವೋಲ್ಟೇಜಿನಿಂದ ಅಸ್ಥಿರವಾಗುತ್ತಿವೆಯೆಂದು 2024ರಲ್ಲಿ ಇಂಟೆಲ್ ಕಂಪೆನಿಯೇ ಒಪ್ಪಿಕೊಂಡು ಪರಿಹಾರ ಒದಗಿಸಬೇಕಾಯಿತು.

ಆದ್ದರಿಂದ ಅವಸರ ಸಲ್ಲದು. ಮೊದಲು ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು. ಫ್ಯಾನಿನ ದೂಳು ಕೊಡವಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಬೇಕು. ವೋಲ್ಟೇಜನ್ನು ಮುಟ್ಟದೆ ವೇಗವನ್ನಷ್ಟೇ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ, ಪ್ರತಿ ಹೆಜ್ಜೆಯಲ್ಲೂ ಉಷ್ಣತೆ ಗಮನಿಸಬೇಕು. ಕಂಪ್ಯೂಟರ್ ಏಳದೇ ಹೋದರೆ ಗಾಬರಿ ಬೇಡ. ಮದರ್‌ಬೋರ್ಡಿನ ಕೈಪಿಡಿಯಲ್ಲಿ ಹೇಳಿರುವಂತೆ ಸಿಮಾಸ್ ಅಳಿಸಿದರೆ ಹಳೆಯ ವೇಗ ಮರಳುತ್ತದೆ. ವಾರಂಟಿ ಕೈತಪ್ಪಬಹುದೆಂಬುದೂ ನೆನಪಿರಲಿ.

ಕೊನೆಯದು, ಬಹಳ ಮಂದಿ ಮರೆಯುವುದು, ಪರೀಕ್ಷೆ. ವಿಂಡೋಸ್ ತೆರೆದುಕೊಂಡ ಮಾತ್ರಕ್ಕೆ ಗೆದ್ದಂತಲ್ಲ. ಮಿತಿಮೀರಿ ಓಡುವ ಪ್ರೊಸೆಸರ್ ಒಮ್ಮೊಮ್ಮೆ ನಿಲ್ಲುವುದಿಲ್ಲ, ಹೊಗೆಯಾಡುವುದೂ ಇಲ್ಲ. ತಪ್ಪು ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಇದನ್ನು ಹಿಡಿಯಲು ‘ಪ್ರೈಮ್95’ ಎಂಬ ತಂತ್ರಾಂಶವಿದೆ. ಬೃಹತ್ ಅವಿಭಾಜ್ಯ ಸಂಖ್ಯೆಗಳ ಹುಡುಕಾಟಕ್ಕೆಂದು ಹುಟ್ಟಿದ ಇದು, ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಗಂಟೆಗಟ್ಟಲೆ ಮಾಡಿಸಿ ತಾಳೆ ನೋಡುತ್ತದೆ. ಒಂದೇ ಒಂದು ತಪ್ಪು ಕಂಡರೂ ವೇಗವನ್ನು ಒಂದು ಮೆಟ್ಟಿಲು ಇಳಿಸುವುದೇ ಜಾಣತನ.

ಆಟದಲ್ಲಿ ಚಿತ್ರ ತುಸು ಕದಡಿದರೆ ನಷ್ಟವಿಲ್ಲ. ಸಂಬಳದ ಪಟ್ಟಿಯಲ್ಲೋ ಅಂಕಪಟ್ಟಿಯಲ್ಲೋ ಒಂದು ಅಂಕಿ ಬದಲಾದರೆ? ಗಳಿಸಿದ ಅರೆ ನಿಮಿಷಕ್ಕೆ ತೆತ್ತ ಬೆಲೆ ಆಗ ತಿಳಿಯುತ್ತದೆ.