ನಳಿಗೆಯಷ್ಟು ನೇರ ದಾರಿ

ಲೆನ್ ಬೀಡೆಲ್ ಎಂಬ ಸರ್ವೆಯರ್ ತನ್ನ ಹೆಂಡತಿಯ ಹೆಸರನ್ನು 1,300 ಕಿಲೋಮೀಟರಿಗೂ ಮಿಕ್ಕ ಮಣ್ಣುರಸ್ತೆಗೆ ಇಟ್ಟ. ಹಿರಿಯ ಮಗಳ ಹೆಸರು ಇನ್ನೊಂದು ರಸ್ತೆಗೆ, ಮಗನದು ಮತ್ತೊಂದಕ್ಕೆ. ಇನ್ನೊಬ್ಬ ಮಗಳು ಜಾಕಿಯ ಪಾಲಿಗೆ ಒಂದು ಕೂಡುರಸ್ತೆ ಬಂತು. ಆಸ್ಟ್ರೇಲಿಯಾದ ನಡುಭಾಗದ ನಕಾಶೆಯಲ್ಲಿ ಆ್ಯನ್ ಬೀಡೆಲ್ ಹೈವೇ, ಕಾನಿ ಸೂ ಹೈವೇ, ಗ್ಯಾರಿ ಹೈವೇ, ಜಾಕಿ ಜಂಕ್ಷನ್ ಇಂದಿಗೂ ಇವೆ. ಹೈವೇ ಅಂದದ್ದು ಅವನ ತಮಾಷೆ. ಎದುರಿಗೊಂದು ಗಾಡಿ ಸಿಕ್ಕರೆ ಪುಣ್ಯ, ಅಂಥ ಜಾಡುಗಳು ಅವು. ಆ ದಾರಿಗಳೆಲ್ಲ ಹುಟ್ಟಿದ್ದು ರಾಕೆಟ್ಟು, ಅಣುಬಾಂಬುಗಳ ಪರೀಕ್ಷೆಯ ಸಲುವಾಗಿ.

ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿಗೆ ಕ್ಷಿಪಣಿ ಹಾರಿಸಿ ನೋಡಲು ದೊಡ್ಡ ಬಯಲು ಬೇಕಿತ್ತು. 1947ರಲ್ಲಿ ಅಡಿಲೇಡಿನಿಂದ ಸುಮಾರು 450 ಕಿಲೋಮೀಟರ್ ಉತ್ತರಕ್ಕೆ ವೂಮೆರಾ ಎಂಬ ಊರು ಕಟ್ಟಿದರು. ಶಾಲೆ, ಸಿನಿಮಾ, ಕೊಳವೆಯಲ್ಲಿ ದೂರದಿಂದ ಬರುವ ನೀರು, ಕೆಂಪು ನೆಲದಲ್ಲಿ ಕಷ್ಟಪಟ್ಟು ಬೆಳೆಸಿದ ಗಿಡಮರ ಎಲ್ಲ ಇದ್ದ ಸಂಸಾರವಂದಿಗರ ಊರು. ರಾಕೆಟ್ಟುಗಳು ಅಲ್ಲಿಂದ ವಾಯವ್ಯಕ್ಕೆ, ದಾರಿಯೇ ಇಲ್ಲದ ಮರುಭೂಮಿಯ ಮೇಲೆ ಹಾರಬೇಕಿತ್ತು. ದಾರಿ ಮಾಡುವ ಕೆಲಸ ಬೀಡೆಲ್‌ನ ಪಾಲಿಗೆ ಬಂತು.

ಅವನ ಕೆಲಸದ ರೀತಿ ನನಗೆ ಬಹಳ ಹಿಡಿಸಿತು. ರಾತ್ರಿ ಥಿಯೋಡೊಲೈಟ್ ಎಂಬ ಸರ್ವೆ ದುರ್ಬೀನಿನಲ್ಲಿ ನಕ್ಷತ್ರ ನೋಡಿ, ರೇಡಿಯೋದ ಸಮಯ ಸಂಕೇತಕ್ಕೆ ತಾಳೆ ಹಾಕಿ, ತಾನಿರುವ ಜಾಗ ಯಾವುದೆಂದು ಲೆಕ್ಕ ಹಾಕುತ್ತಿದ್ದ. ಬೆಳಿಗ್ಗೆ ಲ್ಯಾಂಡ್ ರೋವರಿನಲ್ಲಿ ಪೊದೆ ಮುರಿದುಕೊಂಡು ಮುಂದೆ ಹೋಗಿ, ಕನ್ನಡಿಯಲ್ಲಿ ಬಿಸಿಲು ಮಿಂಚಿಸುತ್ತಿದ್ದ. ಹಿಂದಿದ್ದ ಬುಲ್ಡೋಜರ್ ಆ ಮಿಂಚಿಗೆ ಮೂತಿ ಹಿಡಿದು ಬರುತ್ತಿತ್ತು, ಅದರ ಹಿಂದೆ ನೆಲ ಸಮ ಮಾಡುವ ಗ್ರೇಡರ್. ಬೆರಳೆಣಿಕೆಯ ಜನ, ಒಬ್ಬ ಅಡುಗೆಯವ. ಯಾರಿಗಾದರೂ ಹಲ್ಲುನೋವು ಬಂದರೆ ಹಲ್ಲು ಕೀಳುವವನೂ ಬೀಡೆಲ್ಲೇ. ದಾರಿ ಬಂದೂಕಿನ ನಳಿಗೆಯಂತೆ ನೇರ ಇರಬೇಕೆಂಬುದು ಅವನ ಹಟ. 1958ರಲ್ಲಿ ಮುಗಿದ ಮೊದಲ ದೊಡ್ಡ ರಸ್ತೆಗೆ ಗನ್‌ಬ್ಯಾರೆಲ್ ಎಂದೇ ಹೆಸರು. ಅಲ್ಲಲ್ಲಿ ಅಲ್ಯೂಮಿನಿಯಂ ತಗಡಿನ ಮೇಲೆ ಒಂದೊಂದೇ ಅಕ್ಷರವನ್ನು ಸುತ್ತಿಗೆಯಿಂದ ಕುಟ್ಟಿ ಅಕ್ಷಾಂಶ, ರೇಖಾಂಶ ಬರೆದು ಮರಕ್ಕೋ ಕಂಬಕ್ಕೋ ಜಡಿಯುತ್ತಿದ್ದ. 1962ರಲ್ಲಿ ಹೆಂಡತಿಯನ್ನೂ ಕೆಲವೇ ತಿಂಗಳ ಕೂಸು ಕಾನಿ ಸೂವನ್ನೂ ಕೆಲಸಕ್ಕೆ ಕರೆದೊಯ್ದ. ಆ ಸಲದ ದಾರಿಗೆ ಕೂಸಿನ ಹೆಸರೇ ಬಂತು. ಒಟ್ಟು ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ರಸ್ತೆ ಮಾಡಿ, ಆ ದಿನಗಳ ಬಗ್ಗೆ ನಗೆ ಉಕ್ಕಿಸುವ ಪುಸ್ತಕಗಳನ್ನೂ ಬರೆದು, 1995ರಲ್ಲಿ ತೀರಿಕೊಂಡ.

ಇಷ್ಟು ಮೆಚ್ಚಿಕೊಂಡ ಮೇಲೆ ಉಳಿದದ್ದನ್ನು ಹೇಳದೆ ಬಿಡಲಾಗದು. 1953ರ ಅಕ್ಟೋಬರಿನಲ್ಲಿ ಆ ಮರುಭೂಮಿಯ ಎಮು ಫೀಲ್ಡ್ ಎಂಬಲ್ಲಿ ಬ್ರಿಟನ್ ಎರಡು ಅಣುಬಾಂಬು ಸಿಡಿಸಿತು. 1956-57ರಲ್ಲಿ ಮರಳಿಂಗಾದಲ್ಲಿ ಏಳು. ಎರಡೂ ಜಾಗ ಹುಡುಕಿಕೊಟ್ಟವನು ಬೀಡೆಲ್. ಮೊದಲನೆಯ ಎಮು ಸ್ಫೋಟದ ನಂತರ ವಲ್ಲಟಿನ್ನಾ ಕಡೆ ಕಪ್ಪು ಮಂಜು ಕವಿಯಿತೆಂದು ಅಲ್ಲಿದ್ದ ಅನಂಗು ಆದಿವಾಸಿ ಜನ ನೆನೆದರು. ಆಗ ಬಾಲಕನಾಗಿದ್ದ ಯಾಮಿ ಲೆಸ್ಟರ್ ಮುಂದೆ ಕಣ್ಣು ಕಳೆದುಕೊಂಡರು. ವಿಚಾರಣೆ ಆಗಲೇಬೇಕೆಂದು ದನಿಯೆತ್ತಿದವರಲ್ಲಿ ಅವರೂ ಒಬ್ಬರು. ಆ ವಿಚಾರಣೆಗೆ ರಾಯಲ್ ಕಮಿಷನ್ ಕೂತದ್ದು 1984ರಲ್ಲಿ.

ಖಾಲಿ ಎಂದು ಕಚೇರಿಗಳು ತಿಳಿದಿದ್ದ ಆ ನೆಲದಲ್ಲಿ ಜನರಿದ್ದರು. ಅವರನ್ನು ಹುಡುಕಿ ಎಚ್ಚರಿಸಲು ಮೊದಲಿಗೆ ನೇಮಕವಾದದ್ದು ವಾಲ್ಟರ್ ಮ್ಯಾಕ್‌ಡೂಗಲ್ ಎಂಬ ಒಬ್ಬನೇ ಗಸ್ತು ಅಧಿಕಾರಿ. ಗನ್‌ಬ್ಯಾರೆಲ್ ದಾರಿಯ ಗೈಲ್ಸ್ ಹವಾಮಾನ ಕೇಂದ್ರದಿಂದ ಅಲ್ಲಿನವರಿಗೆ ತೊಂದರೆಯಾದೀತೆಂದು ಅವನು ತಕರಾರು ತೆಗೆದಾಗ, ಬೆರಳೆಣಿಕೆಯ ಆದಿವಾಸಿಗಳ ಹಿತವನ್ನು ಬ್ರಿಟಿಷ್ ಕಾಮನ್‌ವೆಲ್ತಿಗಿಂತ ಮೇಲಿಡುತ್ತಾನೆ ಎಂದು ಸರ್ಕಾರದ ಮುಖ್ಯ ವಿಜ್ಞಾನಿ ದೂರಿ ಕಾಗದ ಬರೆದ. ಸಾಹಸಪ್ರಿಯರು ಬೀಡೆಲ್‌ನ ತಗಡುಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಮ್ಯಾಕ್‌ಡೂಗಲ್‌ನ ಹೆಸರು ಎಷ್ಟು ಜನಕ್ಕೆ ಗೊತ್ತೋ.

ಮರಳಿಂಗಾದ ಮಣ್ಣಿನಲ್ಲಿ ಬ್ರಿಟನ್ ಬಿಟ್ಟುಹೋದ ಪ್ಲುಟೋನಿಯಂ ಹೂಳುವ ಕೆಲಸ 2000ದವರೆಗೂ ನಡೆಯಿತು. 2009ರಲ್ಲಿ ಆ ಪರೀಕ್ಷಾ ನೆಲದ ಉಳಿದ ಭಾಗವನ್ನೂ ಅಲ್ಲಿನ ಆದಿವಾಸಿಗಳಾದ ಮರಳಿಂಗಾ ಜಾರುಟ್ಜಾ ಜನರಿಗೆ ಒಪ್ಪಿಸಿದರು. ಆ್ಯನ್ ಬೀಡೆಲ್ ಹೈವೇಯಲ್ಲಿ ಅವರ ನೆಲ ದಾಟುವವರು ಈಗ ಅವರಿಂದಲೇ ಪರವಾನಗಿ ಪಡೆಯಬೇಕು. 1952ರಲ್ಲಿ ಈ ನೆಲ ಬಿಡಿಸಿ ಯಾಲಾಟ ಎಂಬಲ್ಲಿಗೆ ಸಾಗಿಸಲ್ಪಟ್ಟು ಅಲ್ಲೇ ಮಣ್ಣಾದ ಅವರ ಹಿರಿಯರಿಗೆ ಆ ಪರವಾನಗಿ ಕೊಡುವ ಭಾಗ್ಯ ಬರಲಿಲ್ಲ.