ಬಜಪೆಗೆ ಇಳಿಯದ ವಿಮಾನಗಳು

ಮಂಗಳೂರಿನಿಂದ ದುಬೈಗೆ ಹೋಗುವವರು ಅರಬ್ಬಿ ಸಮುದ್ರ ದಾಟುವುದು ಬೋಯಿಂಗ್ 737ರಂಥ ಸಣ್ಣ ವಿಮಾನದಲ್ಲಿ. ನಾಲ್ಕು ಗಂಟೆಯ ಹಾದಿಗೆ ಅಷ್ಟು ಸಾಕು. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ತಾಯಿ ಮಾತ್ರ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಗಲ್ಫಿನಲ್ಲೋ ವೈಡ್‌ಬಾಡಿ ವಿಮಾನ ಹತ್ತಬೇಕು. ಸೀಟುಗಳ ನಡುವೆ ಓಡಾಡಲು ಎರಡು ದಾರಿಯಿರುವ ಈ ದೈತ್ಯರು ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಗೆ ಬರುವುದಿಲ್ಲ.

ಅಡ್ಡಿ ತೂಕದ್ದು. 2006ರಲ್ಲಿ ಗುಡ್ಡದ ನೆತ್ತಿಯ ಮೇಲೆ ತೆರೆದ ರನ್‌ವೇ 2,450 ಮೀಟರ್; ತುದಿಯಾಚೆ ಇಳಿಜಾರು. 2010ರ ಮೇ 22ರ ಬೆಳಗ್ಗೆ ಇಳಿದ ವಿಮಾನ ರನ್‌ವೇ ದಾಟಿ ಜಾರಿ 158 ಜೀವ ಹೋದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಅಂದು ಜಾರಿದ್ದು 737-800. ಅದು ತುಂಬಿದರೂ ಸುಮಾರು 79 ಟನ್. ಬೋಯಿಂಗ್ 787-9 ತುಂಬಿದರೆ 254 ಟನ್. ಮೇಲೇಳಲು ತಂಪು ಹವೆಯಲ್ಲೇ ಸುಮಾರು 2,800 ಮೀಟರ್ ಬೇಕು. ನಮ್ಮ ಸೆಕೆಗೆ ಗಾಳಿ ತೆಳುವಾಗಿ ರೆಕ್ಕೆ, ಎಂಜಿನ್ ಎರಡರ ಬಲವೂ ಕುಗ್ಗುತ್ತದೆ. ಇಂಧನ ಕಡಿಮೆ ತುಂಬಿಸಿದರೆ? ಏರೀತು, ಆದರೆ ಅಮೆರಿಕ ಮುಟ್ಟದು.

ದೂರದ ಹಾರಾಟದ ಕಷ್ಟವೇ ಇದು: ಇಂಧನ ಹೊರುವುದಕ್ಕೂ ಇಂಧನ ಬೇಕು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ 777-200ಎಲ್ಆರ್ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಾಗಿ ನೇರ ಬೆಂಗಳೂರಿಗೆ ತಂದರು. ಅದರ ಟ್ಯಾಂಕುಗಳು ಹಿಡಿಯುವ ಇಂಧನವೇ ಸುಮಾರು 145 ಟನ್, ಹೆಚ್ಚುಕಡಿಮೆ ಎರಡು ತುಂಬಿದ 737ಗಳ ತೂಕ! ಇದೇ ಮಾದರಿ 2005ರಲ್ಲಿ ಹಾಂಗ್‌ಕಾಂಗ್‌ನಿಂದ ಲಂಡನ್‌ಗೆ ಪೂರ್ವದ ಸುತ್ತುದಾರಿಯಲ್ಲಿ ಒಂದೇ ಉಸಿರಿಗೆ 21,602 ಕಿ.ಮೀ. ಹಾರಿತ್ತು. ಗಟ್ಟಿ ಯಂತ್ರ, ಆದರೆ ಹೊಟ್ಟೆಬಾಕ.

ಆಮೇಲೆ ಬಂದ 787 ಮತ್ತು ಏರ್‌ಬಸ್ ಎ350 ಮೈ ಇಳಿಸಿಕೊಂಡವು. ಅವುಗಳ ಅರ್ಧದಷ್ಟು ತೂಕ ಕಾರ್ಬನ್ ನಾರು ಬೆರೆತ ಪ್ಲಾಸ್ಟಿಕ್ಕಿನದು. 787-9ಕ್ಕೆ ಸುಮಾರು 100 ಟನ್ ಇಂಧನ ಹಿಡಿಯುತ್ತದೆ. ಅಷ್ಟರಲ್ಲೇ ಸುಮಾರು 14,000 ಕಿ.ಮೀ. ಸಾಗುತ್ತದೆ.

ನಾರಿನಿಂದ ಪ್ರಯಾಣಿಕರಿಗೂ ಲಾಭವಿದೆ. ಅಲ್ಯುಮಿನಿಯಂ ಒಡಲು ಒಳಗಿನ ಗಾಳಿಯ ಒತ್ತಡಕ್ಕೆ ಪದೇಪದೇ ಹಿಗ್ಗಿ ಕುಗ್ಗಿ ದಣಿಯುತ್ತದೆ. ಹಾಗಾಗಿ 777ರೊಳಗೆ ಒತ್ತಡವನ್ನು ಸುಮಾರು 2,400 ಮೀಟರ್ ಎತ್ತರದಲ್ಲಿರುವಷ್ಟಕ್ಕೆ ಇಳಿಯಗೊಡುತ್ತಾರೆ. ಊಟಿಗಿಂತ ಎತ್ತರ! 787, ಎ350ಗಳಲ್ಲಿ ಅದು 1,800 ಮೀಟರ್ ಆಸುಪಾಸು, ಕುದುರೆಮುಖದ ನೆತ್ತಿಗಿಂತ ತುಸು ಕೆಳಗೆ. ತೇವಕ್ಕೆ ತುಕ್ಕು ಹಿಡಿಯದ ಮೈಯಾದ್ದರಿಂದ ಗಾಳಿಯನ್ನು ಅಷ್ಟು ಒಣಗಾಗಿ ಇಡಬೇಕಾಗಿಲ್ಲ. ಹದಿನಾರು ಗಂಟೆ ಕೂತವರ ಮೂಗು, ಗಂಟಲಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಎರಡೇ ಎಂಜಿನ್ ನಂಬಿ ಸಾಗರ ದಾಟುವುದೇ ಎಂಬ ಅಳುಕು ಹಳೆಯದು. ಒಂದು ಕೆಟ್ಟರೂ ಇನ್ನೊಂದರ ಬಲದಲ್ಲೇ 787 ಐದೂವರೆ ಗಂಟೆ, ಎ350 ಆರು ಗಂಟೆಗೂ ಮೀರಿ ಹಾರಬಹುದೆಂದು ಪ್ರಮಾಣಪತ್ರ ಸಿಕ್ಕಿದೆ. ನಾಲ್ಕು ಎಂಜಿನ್‌ನ ಎ380 ತಯಾರಿಕೆ 2021ಕ್ಕೆ ನಿಂತೇ ಹೋಯಿತು.

ಟಿಕೆಟ್ ದರ ಒಂದೇ ಆದರೆ ನಾನು ಎ350 ಹಿಡಿಯುತ್ತೇನೆ. 777ರಲ್ಲಿ ಈಗ ಬಹುತೇಕ ಕಂಪನಿಗಳು ಸಾಲಿಗೆ ಹತ್ತು ಸೀಟು ತುರುಕುತ್ತವೆ. 787ರಲ್ಲಿ ಒಂಬತ್ತೇ, ಆದರೂ ಬಿಗಿ. ಎ350ರಲ್ಲೂ ಸಾಮಾನ್ಯವಾಗಿ ಒಂಬತ್ತೇ, ಆದರೆ ಅದರ ಒಡಲು 787ಕ್ಕಿಂತ ಅಗಲ. ವಿಮಾನದ ಮಾದರಿ ಬುಕಿಂಗ್ ಪುಟದಲ್ಲೇ ಇರುತ್ತದೆ. ಹಣ ಕಟ್ಟುವ ಮೊದಲು ನೋಡಿಕೊಳ್ಳಿ.