ಲಾಭವಿತ್ತು, ಹಣವಿರಲಿಲ್ಲ

1974ರಲ್ಲಿ ನಾನು ಉಪಾಧ್ಯಾಯ ವೃತ್ತಿಯನ್ನು ಬಿಟ್ಟು ನಮ್ಮ ಊರಿನ ತೇರುಬೀದಿಯಲ್ಲಿ ಒಂದು ಮುದ್ರಣಾಲಯವನ್ನು ತೆರೆದೆ. ಕಾಲಿನಿಂದ ತುಳಿಯುವ ಒಂದು ಟ್ರೆಡಲ್ ಯಂತ್ರ, ಒಂದಿಷ್ಟು ಸೀಸದ ಅಚ್ಚುಮೊಳೆ, ಮೊಳೆ ಜೋಡಿಸಲು ಇಬ್ಬರು. ಇಷ್ಟೇ ನನ್ನ ಸಂಸ್ಥಾನ. ಇನ್ನು ಮೇಲೆ ನಾನು ಯಾರ ಆಳೂ ಅಲ್ಲವೆಂಬ ಹಮ್ಮು ಮಾತ್ರ ಸಂಸ್ಥಾನಕ್ಕಿಂತ ದೊಡ್ಡದಾಗಿತ್ತು. ಸ್ವಂತ ವ್ಯಾಪಾರ ಹೂಡುವವರ ತಪ್ಪು ತಿಳಿವಳಿಕೆಗಳಲ್ಲಿ ಇದೇ ಮೊದಲನೆಯದು. ಶಾಲೆಯಲ್ಲಿ ಒಬ್ಬರೇ ಮುಖ್ಯೋಪಾಧ್ಯಾಯರಿದ್ದರು. ಇಲ್ಲಿ ಲಗ್ನಪತ್ರಿಕೆ ಅಚ್ಚುಹಾಕಿಸಲು ಬಂದ ಪ್ರತಿಯೊಬ್ಬ ಹೆಣ್ಣಿನ ತಂದೆಯೂ ಮುಖ್ಯೋಪಾಧ್ಯಾಯನೇ. ಹೋಗಲಿ, ಈ ಭ್ರಮೆ ಮೊದಲ ತಿಂಗಳಲ್ಲೇ ಹರಿಯುತ್ತದೆ; ಅದರಿಂದ ಯಾರೂ ಮುಳುಗುವುದಿಲ್ಲ.

ಮುಳುಗಿಸುವ ಭ್ರಮೆಯೆಂದರೆ, ಲಾಭ ಬಂದರೆ ಕೈಯಲ್ಲಿ ಹಣವಿರುತ್ತದೆ ಎಂಬುದು. ಒಂದು ಲೆಕ್ಕ ಹೇಳುತ್ತೇನೆ. ಅಂಕಿಗಳನ್ನು ಅನುಕೂಲಕ್ಕಾಗಿ ದುಂಡಾಗಿಸಿದ್ದೇನೆ. 100 ರೂಪಾಯಿಯ ಒಂದು ಕೆಲಸ. ಕಾಗದಕ್ಕೆ 50, ಕೂಲಿಗೆ 30, ಉಳಿದ 20 ಲಾಭ. ಕಾಗದದ ವ್ಯಾಪಾರಿ ನಗದಿಲ್ಲದೆ ಒಂದು ರೀಮನ್ನೂ ಕೊಡುತ್ತಿರಲಿಲ್ಲ. ಕೂಲಿಯನ್ನು ಶನಿವಾರ ಸಂಜೆ ಕೊಡಲೇಬೇಕು. ಗಿರಾಕಿ ಮಾತ್ರ ಮೂರು ತಿಂಗಳ ಮೇಲೆ ಕೊಡುವವನು. ತಿಂಗಳಿಗೆ ಇಂಥ 10 ಕೆಲಸಗಳಾದರೆ, ಮೂರು ತಿಂಗಳಲ್ಲಿ ನನ್ನ ಕೈಯಿಂದ ಹೋದದ್ದು 2,400 ರೂಪಾಯಿ; ಖಾತೆಪುಸ್ತಕದಲ್ಲಿ ಕಂಡ ಲಾಭ 600; ಕೈಗೆ ಬಂದದ್ದು ಸೊನ್ನೆ. ಅಚ್ಚು ಚೆನ್ನಾಗಿದೆಯೆಂಬ ಮಾತು ಹಬ್ಬಿ ಕೆಲಸ 20ಕ್ಕೆ ಏರಿದರೆ ಹೋಗುವ ಹಣವೂ 4,800ಕ್ಕೆ ಏರುತ್ತದೆ. ಕೆಲಸ ಹೆಚ್ಚಿದಷ್ಟೂ ಕೈ ಬರಿದಾಗುವ ಈ ವಿಚಿತ್ರ ನನಗೆ ಹೊಳೆದಿರಲಿಲ್ಲ. ಶಾಲೆಯಲ್ಲಿ ನಾನು ಹೇಳುತ್ತಿದ್ದದ್ದು ಗಣಿತದ ಪಾಠ!

ಇದ್ದ ಬಂಡವಾಳವನ್ನೆಲ್ಲ ಯಂತ್ರಕ್ಕೇ ಸುರಿದಿದ್ದೆ. ಮೂರು-ನಾಲ್ಕು ತಿಂಗಳ ಕಾಗದ, ಕೂಲಿ, ಬಾಡಿಗೆಗಳಿಗೆ ಬೇಕಾದುದನ್ನು ಬೇರೆಯಾಗಿ ಎತ್ತಿಡಬೇಕಿತ್ತು. ಮೊಳೆಗಳೂ ಸವೆಯುತ್ತವೆ, ಆ 20 ರೂಪಾಯಿಯಲ್ಲಿ ಸವಕಳಿಯ ಪಾಲನ್ನು ನಾನು ಕಳೆದೇ ಇರಲಿಲ್ಲ.

1977ರಲ್ಲಿ ಒಂದು ಸಂಘದ ಸ್ಮರಣಸಂಚಿಕೆಯನ್ನು ಅಚ್ಚುಹಾಕಿದೆ. ಎಂಟು ತಿಂಗಳಾದರೂ ಹಣ ಬರಲಿಲ್ಲ. ಸಾಹಿತ್ಯಾಭಿಮಾನಿಗಳನ್ನು ಹಣ ಕೇಳುವುದು ಹೇಗೆಂಬ ಸಂಕೋಚ ಬೇರೆ. ಒಂದು ಶನಿವಾರ ಕೂಲಿಗೆ ಗತಿಯಿಲ್ಲದೆ ಕುಳಿತಿದ್ದಾಗ, ಮೊಳೆ ಜೋಡಿಸುವ ಹಿರಿಯರು, “ಇರಲಿ ಮೇಷ್ಟ್ರೇ, ಮುಂದಿನ ವಾರ ಕೊಡಿ” ಎಂದು ಕೈ ತೊಳೆದು ಹೊರಟುಹೋದರು. ಎಂಥ ವಿಶ್ವಾಸವೆಂದು ನನ್ನ ಕಣ್ಣು ತುಂಬಿತು. ಆ ವಾರ ಅವರು ಅಕ್ಕಿಯನ್ನು ಸಾಲ ತಂದರೆಂದೂ, ಅಂಗಡಿಯವನು ನಾಲ್ಕು ಜನರೆದುರು ಅವರನ್ನು ಹಂಗಿಸಿದನೆಂದೂ ಆಮೇಲೆ ತಿಳಿಯಿತು. ಸಂಘದವರಿಗೆ ಸಾಲ ಕೊಟ್ಟವನು ನಾನೆಂದುಕೊಂಡಿದ್ದೆ; ಕೊಟ್ಟವರು ಅವರಾಗಿದ್ದರು.

ಸೋಮವಾರದಿಂದ ಅರ್ಧ ಹಣ ಮುಂಗಡವಿಲ್ಲದೆ ಕೆಲಸ ಹಿಡಿಯಲಿಲ್ಲ. ಕೆಲವರು ಮುನಿಸಿಕೊಂಡು ಹೋದರು. ಮುಂಗಡ ಕೇಳುವುದು ಅಗೌರವವೆಂಬುದೂ ಒಂದು ತಪ್ಪು ತಿಳಿವಳಿಕೆಯೇ. ಧಾರವಾಡದಲ್ಲಿ 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದ ಜಿ. ಬಿ. ಜೋಶಿಯವರು ಓದುಗರನ್ನೇ ಚಂದಾದಾರರನ್ನಾಗಿ ಮಾಡಿಕೊಂಡು ಪುಸ್ತಕ ಹೊರತಂದರು. ಅದರಿಂದ ಅವರ ಗೌರವಕ್ಕೇನೂ ಕುಂದು ಬರಲಿಲ್ಲ. ಗಳಗನಾಥರಂತೂ ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಒಳ್ಳೆಯ ಸರಕು ತಾನಾಗಿ ಮಾರಾಟವಾಗುತ್ತದೆ ಎನ್ನುವವರು ಆ ಹೊರೆಯನ್ನು ಒಮ್ಮೆ ನೆನೆಯಬೇಕು.

ಕಿರು ಮತ್ತು ಸಣ್ಣ ಉದ್ಯಮಗಳಿಂದ ಸರಕು ಪಡೆದವರು 45 ದಿನಗಳನ್ನು ಮೀರದಂತೆ ಹಣ ಸಲ್ಲಿಸಬೇಕೆಂದು 2006ರ ಕೇಂದ್ರ ಕಾಯಿದೆ ವಿಧಿಸುತ್ತದೆ. ತಡವಾದರೆ ಬಡ್ಡಿಯೂ ಉಂಟು. ಒಳ್ಳೆಯದೇ. ಆದರೆ ಇರುವ ಇಬ್ಬರು ಗಿರಾಕಿಗಳಲ್ಲಿ ಒಬ್ಬನ ಮೇಲೆ ದೂರು ಕೊಡುವ ಎದೆ ಎಷ್ಟು ಮಂದಿಗಿದೆ?

ನನ್ನ ಮೊಳೆಗಳು ಕೊನೆಗೆ ತೂಕದ ಲೆಕ್ಕದಲ್ಲಿ ಸೀಸವಾಗಿ ಹೋದವು. ಆ ಸಂಘದ ಬಾಕಿ ಮಾತ್ರ ಖಾತೆಪುಸ್ತಕದಲ್ಲಿ ಹಾಗೆಯೇ ಇದೆ. ಅವರ ಸುವರ್ಣ ಮಹೋತ್ಸವದ ಆಹ್ವಾನಪತ್ರಿಕೆ ನನಗೂ ಬಂದಿತ್ತು. ಅಚ್ಚು ಚೆನ್ನಾಗಿತ್ತು. ಅಡಿಯಲ್ಲಿದ್ದ ಮುದ್ರಣಾಲಯದ ಹೆಸರನ್ನು ಓದಿ, ಅವರಿಗೆ ಒಂದು ಕಾಗದ ಬರೆಯೋಣವೇ ಎಂದು ಸ್ವಲ್ಪ ಹೊತ್ತು ಯೋಚಿಸಿದೆ.